ಪಾಕೆಟ್ ಕ್ಯಾಮ್‌ಕಾರ್ಡರ್ ರೈತರಿಗೆ ಬೇಕಾ? ಎರಡು ಹಂಗಾಮು ಬಳಸಿ ಕಂಡ ಲಾಭ-ನಷ್ಟ

ಈ ವಾರ ಬೀಜ, ಗೊಬ್ಬರ, ಔಷಧದ ಮಾತು ಸ್ವಲ್ಪ ಬದಿಗಿಡೋಣ. ನಮ್ಮಲ್ಲಿ ಬಹಳ ಜನ ಈಗ ಹೊಲದ ವಿಡಿಯೋ ಮಾಡ್ತಾರೆ. ಕೆಲವರು ವಾಟ್ಸ್ಆ್ಯಪ್ ಗುಂಪಿಗೆ ಹಾಕ್ತಾರೆ, ಕೆಲವರು ಯೂಟ್ಯೂಬ್ ಚಾನೆಲ್ ಶುರು ಮಾಡಿದ್ದಾರೆ. ಅವರೆಲ್ಲ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಆನ್‌ಲೈನ್‌ನಾಗ ಆರೇಳು ಸಾವಿರಕ್ಕ ಸಣ್ಣ ವಿಡಿಯೋ ಕ್ಯಾಮೆರಾ ಸಿಗತೈತಿ, ತಗೊಳ್ಳಲೇನು?" ನಮ್ಮ ಮೋಟೆಬೆನ್ನೂರಿನ ಗೆಳೆಯರ ಗುಂಪು ಅಂಥದ್ದೊಂದನ್ನು ತಗೊಂಡು ಎರಡು ಹಂಗಾಮು ಬಳಸಿದೆ. ಅದರ ಒಳ್ಳೇದು, ಕೆಟ್ಟದ್ದು ಎರಡನ್ನೂ ಇಲ್ಲಿ ಬರೀತೀನಿ. ಕಂಪನಿ ಹೆಸರು ಬರೆಯೋದಿಲ್ಲ. ಈ ಬೆಲೆಯ ಬಹುಪಾಲು ಕ್ಯಾಮೆರಾಗಳ ಗುಣ ಹೆಚ್ಚುಕಡಿಮೆ ಒಂದೇ.

ಮೊದಲು ನಾವು ಸೋತ ಕಥೆ

ನಮ್ಮ ದೊಡ್ಡಪ್ಪ ನಲವತ್ತು ವರ್ಷದಿಂದ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಬೀಜವನ್ನು ತಾವೇ ಆರಿಸಿ ಇಟ್ಟುಕೊಳ್ಳುವವರು. ಅಂಗಡಿ ಬೀಜದ ಪಾಕೀಟು ಅವರ ಮನೆಗೆ ಬಂದದ್ದನ್ನು ನಾನು ನೋಡಿಲ್ಲ. ಊರಲ್ಲಿ ಈಗ ಈ ಕೆಲಸ ಗೊತ್ತಿರುವವರು ಕೈಬೆರಳಿನಷ್ಟು ಜನ. ಅದನ್ನು ವಿಡಿಯೋ ಮಾಡಿಟ್ಟುಕೊಳ್ಳೋಣ ಅಂತಲೇ ನಾವು ಎಂಟು ಮಂದಿ ತಲಾ ಸಾವಿರ ರೂಪಾಯಿ ಹಾಕಿದೆವು. ಕ್ಯಾಮೆರಾಕ್ಕೆ 6,800, ಮೆಮೊರಿ ಕಾರ್ಡಿಗೆ 600, ಸಣ್ಣ ಟ್ರೈಪಾಡಿಗೆ 500. ನೂರು ರೂಪಾಯಿ ಉಳಿಯಿತು, ಚಹಾಕ್ಕೆ ಹೋಯಿತು.

ಮೊದಲ ಕೊಯ್ಲು ಮುಗಿದು ಎರಡನೇ ಕೊಯ್ಲಿಗೆ ಕಾಯಿ ಕೆಂಪಾಗಿದ್ದ ಸಮಯ. ದೊಡ್ಡಪ್ಪ ಹೊಲದಲ್ಲಿ ಗಿಡದಿಂದ ಗಿಡಕ್ಕೆ ನಡೆಯುತ್ತ, ಒಳ್ಳೆ ಗಿಡಕ್ಕೆ ದಾರ ಕಟ್ಟುತ್ತ 34 ನಿಮಿಷ ಮಾತಾಡಿದರು. "ಬೀಜಾ ಕಣದಾಗ ಆರಸೋದಲ್ಲೋ ತಮ್ಮಾ, ಹೊಲದಾಗ ಆರಸೋದು. ಕಣದಾಗ ಕಾಯಿ ಕಾಣತೈತಿ, ಗಿಡ ಕಾಣತೈತೇನು?" ಅಂದರು. ಮುಟುರು ಬಂದ ಗಿಡದ ಕಾಯಿ ಎಷ್ಟೇ ಚಂದ ಇದ್ದರೂ ಬೀಜಕ್ಕೆ ಯಾಕೆ ಬೇಡ, ಪಕ್ಕದ ಹೊಲದಲ್ಲಿ ಬೇರೆ ತಳಿ ಇದ್ದರೆ ಬದುವಿನ ಕಡೆಯ ಸಾಲು ಯಾಕೆ ಬಿಡಬೇಕು, ಎಲ್ಲಾ ಹೇಳಿದರು.

ಸಂಜೆ ಮನೆಗೆ ಬಂದು ಹಾಕಿ ನೋಡಿದರೆ ಚಿತ್ರ ಪರವಾಗಿಲ್ಲ. ಧ್ವನಿ ಮಾತ್ರ ಬರೀ ಗಾಳಿ. ಲಾರಿ ಎಂಜಿನ್ ಪಕ್ಕದಲ್ಲಿ ನಿಂತ ಹಾಗೆ ಗೊರ್ ಅನ್ನುವ ಸದ್ದು, ಅದರ ಹಿಂದೆ ಎಲ್ಲೋ ದೂರದಲ್ಲಿ ದೊಡ್ಡಪ್ಪನ ಮಾತು. ನಮ್ಮ ನಮ್ಮ ಕೆಲಸದಲ್ಲಿ ನಾಲ್ಕು ದಿನ ಕಳೆದು ಮತ್ತೆ ಹೋದಾಗ ಕೊಯ್ಲು ಆಗಿಹೋಗಿತ್ತು. "ಕಾಯಿ ಹರದು ಆತಲ್ಲೋ. ಇನ್ನ ಯಾವ ಗಿಡ ತೋರಸ್ಲಿ? ಬರೂ ವರ್ಷ ಬಾ" ಅಂದರು.

ದೊಡ್ಡಪ್ಪನಿಗೆ 74 ವರ್ಷ. ಆ ಚಳಿಗಾಲದಲ್ಲಿ ಕೆಮ್ಮೂ ಇತ್ತು. "ಬರೂ ವರ್ಷ" ಅನ್ನುವ ಮಾತು ನನಗೆ ಹಗುರ ಅನಿಸಲಿಲ್ಲ. ಕ್ಯಾಮೆರಾ ಕೊಳ್ಳುವ ಮುಂಚೆ ನಾವು ಮೈಕ್ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಒಂದು ವರ್ಷ ಕಾಯಬೇಕಾಗುತ್ತಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಊರಿನ ವಿಡಿಯೋಕ್ಕೆ ಯಾಕೆ ಇಷ್ಟು ಬೆಲೆ?

"ಸರ್ಕಾರದವರ, ವಿಶ್ವವಿದ್ಯಾಲಯದವರ ವಿಡಿಯೋ ಇರುವಾಗ ನಮ್ಮದ್ಯಾಕೆ?" ಅಂತ ಕೇಳಬಹುದು. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ 'ಡಿಜಿಟಲ್ ಗ್ರೀನ್' ಅನ್ನುವ ಯೋಜನೆ ಶುರುವಾಯಿತು. ಗ್ರೀನ್ ಫೌಂಡೇಶನ್ ಜೊತೆ ಸೇರಿ ಕರ್ನಾಟಕದ ಹಳ್ಳಿಗಳಲ್ಲಿ ಕಡಿಮೆ ಬೆಲೆಯ ಕ್ಯಾಮ್‌ಕಾರ್ಡರ್ ಹಿಡಿದು, ಅಲ್ಲಿನ ರೈತರನ್ನೇ ಚಿತ್ರಿಸಿ, ಅದೇ ಸುತ್ತಿನ ರೈತರಿಗೆ ಸಂಜೆ ಹೊತ್ತು ತೋರಿಸಿದರು. 16 ಹಳ್ಳಿ, 1,470 ಮನೆಗಳಲ್ಲಿ 13 ತಿಂಗಳು ನಡೆಸಿದ ಪ್ರಯೋಗದಲ್ಲಿ, ಮಾಮೂಲಿ ತರಬೇತಿ-ಭೇಟಿ ಪದ್ಧತಿಗಿಂತ ಕೆಲವು ಬೇಸಾಯ ಕ್ರಮಗಳ ಅಳವಡಿಕೆ ಏಳು ಪಟ್ಟು ಹೆಚ್ಚಾಯಿತು ಅಂತ ಅವರ ವರದಿ ಹೇಳುತ್ತದೆ.

ಅಲ್ಲಿ ಕೆಲಸ ಮಾಡಿದ್ದು ದುಬಾರಿ ಕ್ಯಾಮೆರಾ ಅಲ್ಲ. ತೆರೆಯ ಮೇಲೆ ಇದ್ದದ್ದು ಗುರುತಿನ ಮುಖ, ಆಡಿದ್ದು ತಮ್ಮದೇ ಮಾತು, ನಡುನಡುವೆ ವಿಡಿಯೋ ನಿಲ್ಲಿಸಿ "ತಿಳೀತಾ?" ಅಂತ ಕೇಳುವ ಒಬ್ಬ ಮನುಷ್ಯ. ಹಾಗಾಗಿ ಅಗ್ಗದ ಕ್ಯಾಮೆರಾ ಅಂದರೆ ಮೂಗು ಮುರಿಯಬೇಕಿಲ್ಲ. ಅದರಿಂದ ಏನು ಆಗತೈತಿ, ಏನು ಆಗಂಗಿಲ್ಲ ಅನ್ನೋದು ಗೊತ್ತಿರಬೇಕು ಅಷ್ಟೆ.

ಪಾಕೆಟ್ ಕ್ಯಾಮ್‌ಕಾರ್ಡರ್ ಅಂದರೆ ಏನು?

ಅಂಗಿ ಜೇಬಿನಲ್ಲಿ ಹಿಡಿಯುವ, ಒಂದು ಗುಂಡಿ ಒತ್ತಿದರೆ ವಿಡಿಯೋ ಶುರುವಾಗುವ ಸಣ್ಣ ಕ್ಯಾಮೆರಾ. 2007ರ ಸುಮಾರಿಗೆ ಅಮೆರಿಕದಲ್ಲಿ 'ಫ್ಲಿಪ್' ಅನ್ನುವ ಹೆಸರಲ್ಲಿ ಇದು ಬಹಳ ಜನಪ್ರಿಯವಾಯಿತು. 2009ರಲ್ಲಿ ಬಂದ ಕೊಡಾಕ್ ಝಡ್‌ಐ8 ಮಾದರಿಯಲ್ಲಿ ಹೊರಗಿನ ಮೈಕ್ ಚುಚ್ಚುವ ಜಾಗ ಇತ್ತು, ಆ ಒಂದೇ ಕಾರಣಕ್ಕೆ ಅದನ್ನು ಬಹಳ ಜನ ಹುಡುಕಿ ಕೊಂಡರು. ಅದೇ 2009ರಲ್ಲಿ ಸಿಸ್ಕೊ ಕಂಪನಿ ಫ್ಲಿಪ್ ಅನ್ನು ಕೊಂಡಿತು, 2011ರಲ್ಲಿ ಮುಚ್ಚಿಬಿಟ್ಟಿತು. ಅಷ್ಟರಲ್ಲಿ ಸ್ಮಾರ್ಟ್‌ಫೋನ್ ಬಂದು ಆ ಕೆಲಸವನ್ನು ತಾನೇ ಮಾಡತೊಡಗಿತ್ತು.

ಈಗ ಆನ್‌ಲೈನ್‌ನಲ್ಲಿ ಸಿಗುವುದು ಅದರ ತಮ್ಮಂದಿರು. ಪೆಟ್ಟಿಗೆ ಮೇಲೆ '4ಕೆ', '48 ಮೆಗಾಪಿಕ್ಸೆಲ್', '16 ಪಟ್ಟು ಝೂಮ್' ಅಂತ ದೊಡ್ಡಕ್ಷರ ಇರುತ್ತದೆ. ಒಂದೊಂದಾಗಿ ನೋಡೋಣ.

ಒಳ್ಳೆಯ ಗುಣಗಳು

1. ಫೋನ್ ಬಿಡುವಾಗಿರುತ್ತದೆ. ಇದು ಸಣ್ಣ ಮಾತಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಟೆಂಡರ್. ಆ ದಿನ ಫೋನ್ ಹಿಡಿದು ವಿಡಿಯೋ ಮಾಡುತ್ತ ನಿಂತರೆ ದಲಾಲಿ ಅಂಗಡಿಯವರ ಕರೆ ಬರುತ್ತದೆ, ರೆಕಾರ್ಡಿಂಗ್ ನಿಲ್ಲುತ್ತದೆ. ಕ್ಯಾಮೆರಾಕ್ಕೆ ಯಾರೂ ಕರೆ ಮಾಡೋದಿಲ್ಲ.

2. ಬ್ಯಾಟರಿ ಬದಲಿಸಬಹುದು. ನಮ್ಮದರಲ್ಲಿ ಒಂದು ಬ್ಯಾಟರಿ ಸುಮಾರು ಒಂದು ಗಂಟೆ ಬರುತ್ತದೆ. ಜೇಬಲ್ಲಿ ಇನ್ನೊಂದು ಇದ್ದರೆ ಹೊಲದಲ್ಲಿ ಕರೆಂಟು ಹುಡುಕಬೇಕಿಲ್ಲ.

3. ಕಾರ್ಡಿನಲ್ಲಿ ಜಾಗ ಸಾಕಷ್ಟು. 1080 ಗುಣಮಟ್ಟದಲ್ಲಿ ಸೆಕೆಂಡಿಗೆ 17 ಮೆಗಾಬಿಟ್ ಲೆಕ್ಕ ಹಿಡಿದರೆ ನಿಮಿಷಕ್ಕೆ ಸುಮಾರು 128 ಎಂಬಿ ಆಗುತ್ತದೆ. 32 ಜಿಬಿ ಕಾರ್ಡಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ. ಫೋನಿನಲ್ಲಿ ಮದುವೆ ಫೋಟೋ, ಮಕ್ಕಳ ವಿಡಿಯೋ ಅಳಿಸಿ ಜಾಗ ಮಾಡುವ ತಾಪತ್ರಯ ಇಲ್ಲ.

4. ಯಾರ ಕೈಗೆ ಬೇಕಾದರೂ ಕೊಡಬಹುದು. ಫೋನಿನಲ್ಲಿ ಬ್ಯಾಂಕು, ಯುಪಿಐ, ಮನೆಯವರ ಮಾತು ಎಲ್ಲಾ ಇರುತ್ತದೆ. ನಮ್ಮ ಗುಂಪಿನ ಕ್ಯಾಮೆರಾ ಎಂಟು ಮನೆ ಸುತ್ತುತ್ತದೆ. ನನ್ನ ತಂಗಿ ಎರೆಗೊಬ್ಬರದ ವಿಡಿಯೋ ಮಾಡಿದ್ದು ಇದರಲ್ಲೇ.

5. ಧೂಳಿಗೆ, ಬೀಳುವುದಕ್ಕೆ ಹೆದರಿಕೆ ಕಡಿಮೆ. ಮೆಣಸಿನಕಾಯಿ ತುಂಬುವಾಗ ಏಳುವ ಘಾಟು ಧೂಳು ನಿಮಗೆ ಗೊತ್ತೇ ಇದೆ. ಇಪ್ಪತ್ತು ಸಾವಿರದ ಫೋನ್ ಅಲ್ಲಿ ಹಿಡಿಯಲು ಕೈ ನಡುಗುತ್ತದೆ. ಆದರೆ ಲೆನ್ಸ್ ಮುಚ್ಚಲು ಬಟ್ಟೆ ಚೀಲ ಇಟ್ಟುಕೊಳ್ಳಿ. ಅಂಗಿ ತುದಿಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ.

ಕೊರತೆಗಳು

*ಮೈಕ್.* ದೊಡ್ಡ ಕೊರತೆ ಇದೇ. ಕ್ಯಾಮೆರಾದ ಮೈಯಲ್ಲಿ ಸೂಜಿ ತೂತಿನಂಥ ಮೈಕ್ ಇರುತ್ತದೆ. ಗಾಳಿ ನೇರ ಅದಕ್ಕೆ ಬಡಿದರೆ ಮಾತು ಮುಳುಗಿಹೋಗುತ್ತದೆ. ಮಾತಾಡುವವರು ಮೂರು ಹೆಜ್ಜೆ ದೂರ ಇದ್ದರೆ ಇನ್ನೂ ಕಷ್ಟ. ಹೊರಗಿನ ಮೈಕ್ ಜಾಗ ಇಲ್ಲದ ಕ್ಯಾಮೆರಾವನ್ನು ಹೊಲದ ಸಂದರ್ಶನಕ್ಕೆ ತಗೊಳ್ಳಲೇಬೇಡಿ. ಜಾಗ ಇದ್ದರೂ ಒಂದು ಸೂಕ್ಷ್ಮ ಇದೆ: ಫೋನಿಗೆ ಮಾಡಿದ ಕಾಲರ್ ಮೈಕ್ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇರುತ್ತವೆ. ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಎರಡು ಕಪ್ಪು ಗೆರೆಯ ಪಿನ್ ಬೇಕು. ಮೂರು ಗೆರೆಯದ್ದು ಚುಚ್ಚಿದರೆ ಧ್ವನಿ ಬರದೇ ಇರಬಹುದು. ಕೊಳ್ಳುವಾಗ ಪಿನ್ ನೋಡಿ ಕೊಳ್ಳಿ.

*ಝೂಮ್.* '16 ಪಟ್ಟು ಡಿಜಿಟಲ್ ಝೂಮ್' ಅಂದರೆ ಲೆನ್ಸ್ ದೂರದ್ದನ್ನು ಹತ್ತಿರ ತರುತ್ತದೆ ಅಂತಲ್ಲ. ಚಿತ್ರದ ನಡುವಿನ ಒಂದು ಚೂರು ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೆ. ಲೆಕ್ಕ ಮಾಡಿ: 4ಕೆ ಚಿತ್ರದಲ್ಲಿ ಅಡ್ಡ 3,840, ಉದ್ದ 2,160, ಒಟ್ಟು ಸುಮಾರು 83 ಲಕ್ಷ ಚುಕ್ಕಿ. ಅಡ್ಡಕ್ಕೂ ಉದ್ದಕ್ಕೂ 16ರಿಂದ ಭಾಗಿಸಿದರೆ ಉಳಿಯುವುದು 240 ಮತ್ತು 135, ಅಂದರೆ ಬರೀ 32,400 ಚುಕ್ಕಿ. ತೆಂಗಿನ ಮರದ ಸುಳಿ ತೋರಿಸಲು ಹೋದರೆ ಹಸಿರು ಮುದ್ದೆ ಕಾಣುತ್ತದೆ. ಪೆಟ್ಟಿಗೆ ಮೇಲೆ 'ಆಪ್ಟಿಕಲ್' ಅಂತ ಬರೆದಿದ್ದರೆ ಮಾತ್ರ ನಿಜವಾದ ಝೂಮ್.

*4ಕೆ ಅನ್ನುವ ಮಾತು.* ಒಳಗಿನ ಸೆನ್ಸರ್ ಸಣ್ಣದಿದ್ದರೂ ಚಿತ್ರವನ್ನು ಹಿಗ್ಗಿಸಿ 4ಕೆ ಅಂತ ಉಳಿಸುವ ಕ್ಯಾಮೆರಾಗಳು ಬಹಳ. ಫೈಲ್ ದೊಡ್ಡದಾಗುತ್ತದೆ, ವಿವರ ಹೆಚ್ಚಾಗುವುದಿಲ್ಲ. ಇದನ್ನು ಪತ್ತೆ ಹಚ್ಚುವ ಉಪಾಯ ಮುಂದೆ ಹೇಳಿದ್ದೇನೆ.

*ಹತ್ತಿರದ ಚಿತ್ರ.* ಇಂಥ ಕ್ಯಾಮೆರಾಗಳಲ್ಲಿ ಫೋಕಸ್ ಬದಲಾಗುವುದಿಲ್ಲ. ಸುಮಾರು ಒಂದು ಮೀಟರ್‌ನಿಂದ ಆಚೆಗಿನದು ಮಾತ್ರ ಸ್ಪಷ್ಟ. ರೋಗ-ಕೀಟ ತೋರಿಸಲು ಇದು ಸಾಲದು. ಮೆಣಸಿನ ಎಲೆ ಮೇಲ್ಮುಖವಾಗಿ ಮುದುಡಿದ್ದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದ್ದರೆ ಮೈಟ್ ನುಸಿ ಅನ್ನುವುದು ಸಾಮಾನ್ಯ ಗುರುತು. ಎರಡಕ್ಕೂ ಔಷಧ ಬೇರೆ. ಗೋವಿನಜೋಳದಲ್ಲಿ ಫಾಲ್ ಸೈನಿಕ ಹುಳು ಹೌದೋ ಅಲ್ಲೋ ಅಂತ ತಿಳಿಯಲು ಹುಳದ ತಲೆ ಮೇಲಿನ ತಲೆಕೆಳಗಾದ 'ವೈ' ಗುರುತು, ಹಿಂಭಾಗದಲ್ಲಿ ಚೌಕಾಕಾರವಾಗಿ ಇರುವ ನಾಲ್ಕು ಕಪ್ಪು ಚುಕ್ಕಿ ಕಾಣಬೇಕು. ಒಂದು ಮೀಟರ್ ದೂರದಿಂದ ಇದ್ಯಾವುದೂ ಕಾಣದು. ನಮ್ಮ ಗೆಳೆಯನೊಬ್ಬ ಈ ಕ್ಯಾಮೆರಾದಲ್ಲಿ ತೆಗೆದ ಎಲೆ ವಿಡಿಯೋ ತೋರಿಸಿ ಔಷಧ ಕೇಳಲು ಹೊರಟಿದ್ದ. ಮಸುಕು ಚಿತ್ರ ನೋಡಿ ಯಾರಾದರೂ ಊಹೆಯ ಮೇಲೆ ಔಷಧ ಹೇಳಿದರೆ, ಖರ್ಚೂ ನಿಮ್ಮದು, ಬೆಳೆಯೂ ನಿಮ್ಮದು. ಈ ಕೆಲಸಕ್ಕೆ ಫೋನೇ ಸರಿ.

*ಕೆಂಪು ಬಣ್ಣ.* ಇದು ನಮ್ಮ ಭಾಗದವರಿಗೆ ಮುಖ್ಯ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ ಮತ್ತು ಕಡಿಮೆ ಖಾರದಿಂದ. ನಮ್ಮ ಕ್ಯಾಮೆರಾದಲ್ಲಿ ಮಧ್ಯಾಹ್ನದ ಬಿಸಿಲಿಗೆ ತೆಗೆದರೆ ಕೆಂಪು ಉಕ್ಕಿಹೋಗಿ ಕಾಯಿಯ ಸುಕ್ಕು ಮಾಯವಾಗುತ್ತದೆ. ಡಬ್ಬಿಯೋ ಕಡ್ಡಿಯೋ ಬೇರೆ ತಳಿಯೋ ತಿಳಿಯುವುದಿಲ್ಲ. ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ನೆರಳಲ್ಲಿ ತೆಗೆಯಿರಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡಿ. ನೋಡುವವರಿಗೆ ಬಣ್ಣದ ಅಂದಾಜು ಸಿಗುತ್ತದೆ.

*ನಡುಕ ಮತ್ತು ಪರದೆ.* ಕೈ ನಡುಕ ತಡೆಯುವ ವ್ಯವಸ್ಥೆ ಇವುಗಳಲ್ಲಿ ಇರುವುದಿಲ್ಲ, ಇದ್ದರೂ ಹೆಸರಿಗೆ ಮಾತ್ರ. ನಡೆಯುತ್ತ ತೆಗೆದರೆ ನೋಡುವವರಿಗೆ ತಲೆ ಸುತ್ತುತ್ತದೆ. ಬಿಸಿಲಲ್ಲಿ ಪರದೆ ಕಾಣದು. ಟ್ರೈಪಾಡ್ ಇಲ್ಲದಿದ್ದರೆ ಬದುವಿನ ಕಲ್ಲು, ಟ್ರಾಲಿ ಅಂಚು, ಏನಾದರೂ ಆಧಾರ ಹಿಡಿಯಿರಿ.

*ತಾರೀಖು ಮತ್ತು ಜಾಗ.* ಬ್ಯಾಟರಿ ಪೂರ್ತಿ ಇಳಿದರೆ ನಮ್ಮ ಕ್ಯಾಮೆರಾದ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿಬಿಡುತ್ತದೆ. ಜಿಪಿಎಸ್ ಇಲ್ಲ. ಬೆಳೆ ಹಾನಿಗೆ ಇದು ಪುರಾವೆ ಆದೀತು ಅಂತ ನಂಬಿ ಕೂರಬೇಡಿ. ಪ್ರಧಾನಮಂತ್ರಿ ಫಸಲ್ ಬಿಮಾದಲ್ಲಿ ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಅದಕ್ಕೆ ಫೋನಿನಲ್ಲಿ ಜಿಪಿಎಸ್ ಹಾಕಿ ಫೋಟೋ ತೆಗೆಯಿರಿ. ರೈತರ ಬೆಳೆ ಸಮೀಕ್ಷೆ ಆ್ಯಪ್ ಕೂಡ ಫೋನಿನಲ್ಲಿ, ಹೊಲದಲ್ಲಿ ನಿಂತೇ ಮಾಡುವ ಕೆಲಸ.

*ಕಳಿಸುವ ತೊಂದರೆ.* ಕ್ಯಾಮೆರಾದಿಂದ ಕಾರ್ಡ್ ತೆಗೆದು, ಓಟಿಜಿ ಕಾರ್ಡ್ ರೀಡರ್ ಮೂಲಕ ಫೋನಿಗೆ ಹಾಕಿಕೊಳ್ಳಬೇಕು. ರೀಡರ್ ನೂರು-ಇನ್ನೂರಕ್ಕೆ ಸಿಗುತ್ತದೆ, ಅದನ್ನೂ ಲೆಕ್ಕದಲ್ಲಿ ಸೇರಿಸಿ. 32 ಜಿಬಿ ತನಕದ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಹಾಗಾಗಿ ಉದ್ದದ ವಿಡಿಯೋ ತುಂಡು ತುಂಡಾಗಿ ಉಳಿಯುತ್ತದೆ. ಹೆದರಬೇಡಿ, ಅದು ಕೆಟ್ಟಿದ್ದಲ್ಲ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿದರೆ 2 ಜಿಬಿ ತನಕ ಇದ್ದದ್ದು ಇದ್ದ ಹಾಗೇ ಹೋಗುತ್ತದೆ.

ಯಾವ ಕೆಲಸಕ್ಕೆ ಯಾವುದು?

- ಎಲೆ, ಹುಳ, ಕಾಯಿಕೊಳೆ ತೋರಿಸಲು: ಫೋನ್
- ಬೆಳೆ ಹಾನಿ, ವಿಮೆ, ಸಮೀಕ್ಷೆ: ಫೋನ್, ಜಿಪಿಎಸ್ ಹಾಕಿ
- ಹಿರಿಯರ ಮಾತು, ದೀರ್ಘ ಸಂದರ್ಶನ: ಚಿತ್ರಕ್ಕೆ ಕ್ಯಾಮೆರಾ, ಧ್ವನಿಗೆ ಫೋನ್
- ಕೂರಿಗೆ, ಎಡೆ ಕುಂಟೆ, ಯಂತ್ರದ ಪ್ರಾತ್ಯಕ್ಷಿಕೆ: ಟ್ರೈಪಾಡ್ ಮೇಲೆ ಕ್ಯಾಮೆರಾ
- ಕಣ, ಚೀಲ ತುಂಬುವುದು, ಧೂಳಿನ ಜಾಗ: ಕ್ಯಾಮೆರಾ
- ಗುಂಪಿನವರೆಲ್ಲ ಸರದಿಯಲ್ಲಿ ಬಳಸಲು: ಕ್ಯಾಮೆರಾ

ಕೊಂಡ ದಿನವೇ ಮಾಡಬೇಕಾದ ಪರೀಕ್ಷೆ

ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಇವಿಷ್ಟು ಮಾಡಿ. ಬ್ಯಾಟರಿ ಪರೀಕ್ಷೆ ಬಿಟ್ಟು ಉಳಿದದ್ದಕ್ಕೆ ಹತ್ತು-ಹದಿನೈದು ನಿಮಿಷ ಸಾಕು.

1. ಗೊಬ್ಬರದ ಖಾಲಿ ಚೀಲವನ್ನು ಗೋಡೆಗೆ ತೂಗುಹಾಕಿ. ಎರಡು ಮೀಟರ್ ದೂರದಿಂದ ಒಮ್ಮೆ 1080ರಲ್ಲಿ, ಒಮ್ಮೆ 4ಕೆಯಲ್ಲಿ ತೆಗೆಯಿರಿ. ದೊಡ್ಡ ಪರದೆಯಲ್ಲಿ ಹಿಗ್ಗಿಸಿ ಸಣ್ಣಕ್ಷರ ಓದಿ. ಎರಡರಲ್ಲೂ ಒಂದೇ ಥರ ಕಂಡರೆ ಆ 4ಕೆ ಬರೀ ಹೆಸರಿಗೆ. ಅಂಥದ್ದರಲ್ಲಿ 1080 ಇಟ್ಟುಕೊಂಡೇ ಕೆಲಸ ಮಾಡಿ, ಜಾಗ ಉಳಿಯುತ್ತದೆ.
2. ಕೈಯಲ್ಲಿ ಒಂದು ಮೆಣಸಿನಕಾಯಿ ಹಿಡಿದು ಲೆನ್ಸಿನಿಂದ ಗೇಣು ದೂರ, ಮೊಳ ದೂರ, ಎರಡು ಮೊಳ ದೂರ ತೆಗೆಯಿರಿ. ಎಲ್ಲಿಂದ ಸ್ಪಷ್ಟ ಆಗುತ್ತದೆ ಅಂತ ಗುರುತು ಹಾಕಿಕೊಳ್ಳಿ.
3. ಮಾಳಿಗೆ ಮೇಲೆ ಗಾಳಿಗೆ ನಿಂತು, ಮೂರು ಹೆಜ್ಜೆ ದೂರದಲ್ಲಿ ಯಾರನ್ನಾದರೂ ಮಾತಾಡಿಸಿ ರೆಕಾರ್ಡ್ ಮಾಡಿ. ಅಲ್ಲೇ ಪರದೆಯಲ್ಲಿ ಕೇಳಬೇಡಿ, ಫೋನಿಗೆ ಹಾಕಿ ಇಯರ್‌ಫೋನ್‌ನಲ್ಲಿ ಕೇಳಿ.
4. ಬ್ಯಾಟರಿ ಪೂರ್ತಿ ಇಳಿಯುವ ತನಕ ಬಿಟ್ಟು, ಎಷ್ಟು ನಿಮಿಷ ಬಂತು ನೋಡಿ. ಮತ್ತೆ ಚಾರ್ಜ್ ಮಾಡಿ ತಾರೀಖು ಸರಿ ಇದೆಯಾ ನೋಡಿ.
5. ಚಲಿಸುವ ಬೈಕನ್ನು ತೆಗೆದು, ಚಿತ್ರ ತಡೆತಡೆದು ಓಡುತ್ತದಾ ನೋಡಿ.

ಮೂರನೇ ಪರೀಕ್ಷೆ ನಾವು ಮಾಡಿರಲಿಲ್ಲ. ಅದರ ಬೆಲೆ ಏನಾಯಿತು ಅಂತ ಮೇಲೆ ಓದಿದಿರಿ.

ಎರಡನೇ ವರ್ಷ ಏನು ಮಾಡಿದೆವು?

ಹೊಸ ಕ್ಯಾಮೆರಾ ಕೊಳ್ಳಲಿಲ್ಲ. ಅದೇ ಕ್ಯಾಮೆರಾ. ನಮ್ಮದರಲ್ಲಿ ಮೈಕ್ ಜಾಗ ಇಲ್ಲ. ಹಾಗಾಗಿ ನನ್ನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮುನ್ನೂರು ರೂಪಾಯಿಯ ಕಾಲರ್ ಮೈಕ್ ಚುಚ್ಚಿ, ಫೋನನ್ನು ದೊಡ್ಡಪ್ಪನ ಅಂಗಿ ಜೇಬಿಗೆ ಇಟ್ಟೆವು. ಮೈಕಿಗೆ ಹಳೆ ಉಣ್ಣೆ ಟೋಪಿಯ ತುಂಡು ಕಟ್ಟಿದೆವು, ಗಾಳಿ ತಡೆಯಲು. ಎರಡನ್ನೂ ಚಾಲೂ ಮಾಡಿ ಕ್ಯಾಮೆರಾ ಮುಂದೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದೆವು. ಆಮೇಲೆ ಫೋನಿನ ಎಡಿಟಿಂಗ್ ಆ್ಯಪ್‌ನಲ್ಲಿ ಕೈ ಕೂಡುವ ಚಿತ್ರಕ್ಕೆ ಚಪ್ಪಾಳೆ ಸದ್ದು ಹೊಂದಿಸಿದರೆ ಇಡೀ ಮಾತು ತುಟಿಗೆ ಸರಿಯಾಗಿ ಕೂರುತ್ತದೆ.

ಇನ್ನೊಂದು ಬದಲಾವಣೆ: ಅರ್ಧ ಗಂಟೆ ಒಂದೇ ಸಮ ತೆಗೆಯಲಿಲ್ಲ. ಐದೈದು ನಿಮಿಷದ ತುಂಡು ಮಾಡಿ, ಪ್ರತಿ ತುಂಡು ಮುಗಿದ ಮೇಲೆ ಅಲ್ಲೇ ಬೇವಿನ ಮರದ ನೆರಳಲ್ಲಿ ಕೂತು ಇಯರ್‌ಫೋನ್‌ನಲ್ಲಿ ಕೇಳಿ ಮುಂದೆ ಹೋದೆವು. ಕಾಯಿಯ ಸುಕ್ಕು, ತೊಟ್ಟು, ಎಲೆಯ ಹತ್ತಿರದ ಚಿತ್ರಗಳನ್ನು ಇನ್ನೊಬ್ಬರ ಫೋನಿನಲ್ಲಿ ಬೇರೆ ತೆಗೆದು ನಡುವೆ ಸೇರಿಸಿದೆವು.

ದೊಡ್ಡಪ್ಪ ಕೆಮ್ಮು ಕಡಿಮೆಯಾಗಿ ಗಟ್ಟಿಯಾಗೇ ಇದ್ದರು. ಆದರೆ ಹಿಂದಿನ ವರ್ಷ ಹೇಳಿದ ಎರಡು ಮಾತು ಈ ಸಲ ನೆನಪಿಸಿದರೂ ಹೇಳಲಿಲ್ಲ. "ಅಂದಿದ್ನೇನೋ? ಇರಬೇಕು ಬಿಡು" ಅಂದರು. ಆ ಎರಡು ಮಾತು ಗಾಳಿ ಸದ್ದಿನ ಒಳಗೇ ಉಳಿದವು. ನಾವು ಎಷ್ಟೋ ಸಲ ಇಯರ್‌ಫೋನ್ ಹಾಕಿ ಕೇಳಿದ್ದೇವೆ, ಬಿಡಿಸಲು ಆಗಿಲ್ಲ.

ಉಳಿದದ್ದೆಲ್ಲ ಸಿಕ್ಕಿತು. 22 ನಿಮಿಷದ ವಿಡಿಯೋವನ್ನು ಗುಂಪಿನವರ ಮನೆಯಂಗಳದಲ್ಲಿ ಟಿವಿಗೆ ಜೋಡಿಸಿ ತೋರಿಸಿದೆವು. ನಡುವೆ ನಿಲ್ಲಿಸಿ ದೊಡ್ಡಪ್ಪನನ್ನೇ ಪ್ರಶ್ನೆ ಕೇಳಿದೆವು. ಅವರು ತೆರೆ ಮೇಲಿನ ತಮ್ಮನ್ನೇ ನೋಡಿ, "ಅಂವ ಖರೇ ಹೇಳಾಕತ್ತಾನ" ಅಂದರು. ಈ ಹಂಗಾಮಿನಲ್ಲಿ ನಮ್ಮ ಗುಂಪಿನ ಐದು ಮಂದಿ ಗಿಡಕ್ಕೆ ದಾರ ಕಟ್ಟಿದ್ದಾರೆ.

ಕೊನೆಗೆ ನನ್ನ ತೀರ್ಮಾನ

ನಿಮ್ಮ ಹತ್ತಿರ ಕಳೆದ ಮೂರ್ನಾಲ್ಕು ವರ್ಷದ ಸಾಧಾರಣ ಸ್ಮಾರ್ಟ್‌ಫೋನ್ ಇದ್ದು, ಒಬ್ಬರೇ ವಿಡಿಯೋ ಮಾಡುವವರಾದರೆ ಕ್ಯಾಮೆರಾ ಬೇಡ. ಅದೇ ದುಡ್ಡಿನಲ್ಲಿ ಒಂದು ಕಾಲರ್ ಮೈಕ್, ಒಂದು ಟ್ರೈಪಾಡ್ ಕೊಳ್ಳಿ, ಸಾವಿರದ ಒಳಗೆ ಮುಗಿಯುತ್ತದೆ. ಉಳಿದ ದುಡ್ಡು ಹೊಲಕ್ಕೆ ಹಾಕಿ. ನಿಮ್ಮದು ನಾಲ್ಕಾರು ಜನರ ಗುಂಪು, ದೀರ್ಘ ಹೊತ್ತು ರೆಕಾರ್ಡ್ ಮಾಡುವ ಕೆಲಸ ಇದೆ, ಧೂಳಿನ ಜಾಗದಲ್ಲಿ ಓಡಾಡಬೇಕು ಅಂತಾದರೆ ಪಾಕೆಟ್ ಕ್ಯಾಮ್‌ಕಾರ್ಡರ್ ತಗೊಳ್ಳಬಹುದು. ಹೊರಗಿನ ಮೈಕ್ ಜಾಗ ಇರುವುದನ್ನೇ ಆರಿಸಿ. ಮೆಗಾಪಿಕ್ಸೆಲ್ ಅಂಕಿಗೆ ಮರುಳಾಗಬೇಡಿ.

ರೋಗ-ಕೀಟದ ವಿಷಯದಲ್ಲಿ ವಿಡಿಯೋ ಎಷ್ಟೇ ಚೆನ್ನಾಗಿರಲಿ, ಅದೊಂದನ್ನೇ ನೆಚ್ಚಬೇಡಿ. ರೋಗದ ಗಿಡವನ್ನು ಬೇರು ಸಮೇತ ಕಿತ್ತು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಒಯ್ಯಿರಿ. ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಈ ವಾರದ ಮನೆಕೆಲಸ ಇಷ್ಟೇ: ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಬೀಜ, ಕೂರಿಗೆ, ಎತ್ತು, ಮಳೆ ನಕ್ಷತ್ರ ಬಲ್ಲ ಒಬ್ಬ ಹಿರಿಯರನ್ನು ಗುರುತು ಮಾಡಿಕೊಳ್ಳಿ. ಅವರ ಕೆಲಸ ವರ್ಷದ ಯಾವ ತಿಂಗಳಲ್ಲಿ ಬರುತ್ತದೆ ಬರೆದಿಡಿ. ಆ ದಿನಕ್ಕೆ ಒಂದು ವಾರ ಮುಂಚೆ ಮೈಕ್ ಪರೀಕ್ಷೆ ಮಾಡಿ. ಕ್ಯಾಮೆರಾ ಯಾವಾಗ ಬೇಕಾದರೂ ಕೊಳ್ಳಬಹುದು, ಹಂಗಾಮು ವರ್ಷಕ್ಕೆ ಒಂದೇ ಸಲ ಬರತೈತಿ.